ಕಂಪವಾತಲಕ್ಷಣದಲ್ಲಿ ಮತಿಕ್ಷಯ

ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಗೆ ಅನತಿದೂರದಲ್ಲಿ, ಅಂಜನಾದ್ರಿಯ ತಪ್ಪಲನ್ನು ಆಶ್ರಯಿಸಿಕೊಂಡಿರುವ ಹನುಮನಹಳ್ಳಿಯು ಗಂಗಾವತಿ ತಾಲ್ಲೂಕಿಗೆ ಸೇರಿದುದು. ಈ ಪ್ರಾಂತವೇ ರಾಮಾಯಣದ ಕಿಷ್ಕಿಂಧೆಯೆಂದೂ ಈ ಬೆಟ್ಟವೇ ವಾಯುಪುತ್ರನ ಜನ್ಮಸ್ಥಾನವೆಂದೂ ಜನರು ಬಹುಕಾಲದಿಂದ ನಂಬಿಕೊಂಡು ಬಂದಿರುವರು. ಆ ವಾಯುವೇ ಶರೀರದಲ್ಲಿ ಪ್ರಕೋಪಗೊಂಡರೆ ವಾತವ್ಯಾಧಿಗಳಿಗೆ ಕಾರಣವಾಗುವುದೆಂಬುದು ಆಯುರ್ವೇದದ ಮತ. ಕನ್ನಡನಾಡಿನಲ್ಲಿ ಕೈನಡುಗುವ ಮುದುಕನನ್ನು ಕಂಡರೆ ವಾಯು ಹಿಡಿದಿದೆ ಎನ್ನುವರು; ಅವನೇ ನಾಲ್ಕು ದಿನ ಕಳೆದು ಆಡಿದ ಮಾತನ್ನು ಮರೆಯತೊಡಗಿದರೆ ಅರವತ್ತರ ಅರಳುಮರಳು ಎನ್ನುವರು. ಒಂದೇ ದೇಹದಲ್ಲಿ ತೋರುವ ಈ ಎರಡಕ್ಕೆ ಎರಡು ಬೇರೆ ಹೆಸರುಗಳನ್ನಿಟ್ಟು, ಮೊದಲನೆಯದಕ್ಕೆ ಮದ್ದನ್ನು ಅರಸಿ, ಎರಡನೆಯದನ್ನು ವಯೋಧರ್ಮವೆಂದು ಕೈಬಿಡುವುದು ರೂಢಿಯಾಗಿದೆ. ಇವೆರಡೂ ಒಂದೇ ವ್ಯಾಧಿಯ ಅಂಗಗಳೆಂದು ನಮ್ಮ ಪೂರ್ವಿಕ ವೈದ್ಯರು ತಿಳಿದಿದ್ದರೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಹನುಮನಹಳ್ಳಿಯ ಎದುರುದಂಡೆಯಲ್ಲಿ ವಿಜಯನಗರವು ತಲೆಯೆತ್ತಿದ ಕಾಲವು ವೈದ್ಯಗ್ರಂಥಗಳ ದೃಷ್ಟಿಯಿಂದ ಸಮೃದ್ಧವಾದುದೇ. ಸಾಯಣನ ಹೆಸರಿನಲ್ಲಿ ಆಯುರ್ವೇದಸುಧಾನಿಧಿಯೆಂಬ ಗ್ರಂಥವು ಪ್ರಸಿದ್ಧವಾಗಿದೆ. ಕನ್ನಡದಲ್ಲಿ ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ಖಗೇಂದ್ರಮಣಿದರ್ಪಣವನ್ನೂ, ಶ್ರೀಧರದೇವನು ಸುಮಾರು ೧೫೦೦ರಲ್ಲಿ ವೈದ್ಯಾಮೃತವನ್ನೂ ರಚಿಸಿದರು. ಇವುಗಳಿಗೆ ಹಿಂದೆ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದ್ದನು. ಮಂಗರಾಜನ ಗ್ರಂಥವು ವಿಷಚಿಕಿತ್ಸೆಗೆ ಮೀಸಲಾದುದರಿಂದ ಪ್ರಕೃತಕ್ಕೆ ಹೆಚ್ಚಿನ ನೆರವನ್ನು ಕೊಡಲಾರದು.

ಮೂಲಸಂಹಿತೆಗಳಲ್ಲಿ ನಡುಕವು ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಎಂಬತ್ತು ವಾತವಿಕಾರಗಳನ್ನು ಎಣಿಸುವಾಗ ವೇಪಥುವನ್ನೂ ಹೇಳುವುದು. ಆದರೆ ಅಲ್ಲಿ ಅದು ಪಟ್ಟಿಯಲ್ಲಿನ ಒಂದು ಹೆಸರು ಮಾತ್ರ. ನಡುಕವನ್ನು ಇತರ ಚಿಹ್ನೆಗಳೊಡನೆ ಕೂಡಿಸಿ, ಕಂಪವಾತವೆಂಬ ಸ್ವತಂತ್ರ ವ್ಯಾಧಿಗೆ ಲಕ್ಷಣವನ್ನು ಕಟ್ಟಿರುವುದು ಬಸವರಾಜೀಯದಲ್ಲಿ. ಇಪ್ಪತ್ತೈದು ಪ್ರಕರಣಗಳ ಈ ಸಂಸ್ಕೃತ ಗ್ರಂಥವು ತೆಲುಗು ತಾತ್ಪರ್ಯದೊಡನೆ ಪ್ರಚಾರಕ್ಕೆ ಬಂದಿತು. ೧೯೪೦ರ ಔಷಧ ಅಧಿನಿಯಮದ ಅನುಸೂಚಿಯಲ್ಲಿ ಪ್ರಮಾಣಗ್ರಂಥವಾಗಿ ಇದರ ಹೆಸರೂ ಸೇರಿದೆ. ಗ್ರಂಥಕರ್ತನಾದ ಬಸವರಾಜನ ಹೆಸರಿನೊಡನೆ ‘ನೀಲಕಂಠ ಕೊಟ್ಟೂರು’ ಎಂಬುದು ಸೇರಿರುವುದರಿಂದ, ಹಂಪೆಯ ತೆಂಕಣ ಕೊಟ್ಟೂರಿಗೆ ಅವನನ್ನು ಸೇರಿಸುವ ಆಸೆ ಕನ್ನಡಿಗರಿಗೆ ಸಹಜವಾದುದೇ. ಆದರೆ ಆ ಹೆಸರಿನ ಊರುಗಳು ತೆಲುಗುನಾಡಿನಲ್ಲಿಯೂ ಉಂಟು, ತಾತ್ಪರ್ಯವೂ ತೆಲುಗಿನದು, ಕಾಲದ ವಿಷಯದಲ್ಲಿ ಪಂಡಿತರು ಹದಿನೈದನೆಯ ಶತಮಾನದಿಂದ ಹದಿನೆಂಟನೆಯದರ ವರೆಗೆ ಬೇರೆ ಬೇರೆ ಅಭಿಪ್ರಾಯಪಡುವರು. ಊರ ಹೆಸರೊಂದನ್ನೇ ಹಿಡಿದು ಕವಿಯನ್ನೋ ವೈದ್ಯನನ್ನೋ ನಮ್ಮವನೆಂದು ಸಾಧಿಸುವ ಪದ್ಧತಿಯು ಸಂಶೋಧನೆಗೆ ಶೋಭೆಯಲ್ಲ.

ಆ ಲಕ್ಷಣಶ್ಲೋಕದ ಅರ್ಥವಿಷ್ಟು: ಕೈಕಾಲುಗಳಲ್ಲಿ ನಡುಕ, ದೇಹದ ತೂರಾಟ, ದುಃಖ, ನಿದ್ರಾಭಂಗ, ಮತಿ ಕ್ಷೀಣವಾಗುವಿಕೆ. ಐದನೆಯದೇ ಇಲ್ಲಿ ಮುಖ್ಯವಾದುದು. ಕ್ಷೀಣವೆಂದರೆ ಒಮ್ಮೆಗೇ ನಾಶವಾದುದಲ್ಲ, ಸವೆಯುತ್ತ ಬಂದುದು. ಕೃಷ್ಣಪಕ್ಷದ ಚಂದ್ರನಿಗೆ ಸಲ್ಲುವ ಮಾತು. ಮತಿಯೆಂಬುದಕ್ಕೆ ಬುದ್ಧಿಯೆಂದೂ ನಿಶ್ಚಯವೆಂದೂ ಅರ್ಥಗಳಿರುವುವು. ವೈದ್ಯಶಾಸ್ತ್ರವು ಧೀ, ಧೃತಿ, ಸ್ಮೃತಿಗಳನ್ನು ಬೇರೆ ಬೇರೆಯಾಗಿಯೇ ಹೇಳುವುದರಿಂದ, ಇಲ್ಲಿ ಸ್ಮೃತಿಯೆನ್ನದೆ ಮತಿಯೆಂದಿರುವುದು ಗಮನಾರ್ಹ. ಛಂದಸ್ಸಿನ ಒತ್ತಾಯಕ್ಕೆ ಬಂದ ಪದವೆಂದು ಆಕ್ಷೇಪಿಸುವವರಿರಬಹುದು. ಹಾಗಿದ್ದರೂ, ನಡುಕದ ವ್ಯಾಧಿಯ ಲಕ್ಷಣದಲ್ಲಿ ಚಿತ್ತಕ್ಕೆ ಸಂಬಂಧಿಸಿದ ಮಾತು ಬಂದಿರುವುದು ಛಂದಸ್ಸಿನಿಂದಲ್ಲ, ನೋಟದಿಂದಲೆಂದೇ ಹೇಳಬೇಕು. ಈ ಕಾಯಿಲೆಯಲ್ಲಿ ಮೊದಲು ಕುಂದುವುದು ಅನೇಕರಲ್ಲಿ ನೆನಪಲ್ಲ. ಕೆಲಸವನ್ನು ಯೋಜಿಸಿ, ಒಂದನ್ನು ಬಿಟ್ಟು ಮತ್ತೊಂದಕ್ಕೆ ಮನಸ್ಸನ್ನು ತಿರುಗಿಸುವ ಶಕ್ತಿ. ಮತಿಯೆಂಬ ಪದಕ್ಕೆ ನಿಶ್ಚಯವೆಂಬ ಅರ್ಥವೂ ಇರುವುದರಿಂದ ಅದು ಇಲ್ಲಿಗೆ ಸ್ಮೃತಿಗಿಂತ ಚೆನ್ನಾಗಿ ಹೊಂದುತ್ತದೆ.

ಇದಕ್ಕೆ ನೇರವಾಗಿ ವಿರುದ್ಧವಾದ ಲಕ್ಷಣವನ್ನು ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು ೧೮೧೭ರಲ್ಲಿ ಬರೆದನು. ಅವನ ಮತದಂತೆ ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಹಾನಿಯಿಲ್ಲ. ಆ ಪ್ರಬಂಧಕ್ಕೆ ಆಧಾರವಾದ ರೋಗಿಗಳು ಕೇವಲ ಆರು ಮಂದಿ. ಅವರಲ್ಲಿ ಇಬ್ಬರು ಬೀದಿಯಲ್ಲಿ ಕಂಡವರು, ಒಬ್ಬನನ್ನು ದೂರದಿಂದ ನೋಡಿದುದು ಮಾತ್ರ. ನಡಗೆಯನ್ನು ದೂರದಿಂದ ಕಾಣಬಹುದು, ಮತಿಯನ್ನು ಕಾಣಬಾರದು. ಪ್ಯಾರಿಸ್ಸಿನ ಶಾರ್ಕೋ ಎಂಬ ನರವೈದ್ಯನು ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನು ನಿಲ್ಲಿಸಿದನಾದರೂ, ರೋಗವು ಬಲಿತಾಗ ಮನಶ್ಶಕ್ತಿಗಳು ಮಂದವಾಗುವುವೆಂದು ಗುರುವಾಕ್ಯವನ್ನು ತಿದ್ದಿದನು. ಆ ತಿದ್ದುಪಡಿಗೆ ಅಂದು ದೊರೆತ ಮನ್ನಣೆ ಅಲ್ಪ. ೧೯೧೨ರಲ್ಲಿ ಲೂವಿ ಎಂಬಾತನು ರೋಗಿಗಳ ಮೆದುಳಿನಲ್ಲಿ ವಿಚಿತ್ರವಾದ ಕಣಗಳನ್ನು ಕಂಡನು. ೧೯೧೯ರಲ್ಲಿ ತ್ರೆತ್ಯಾಕೋಫನು ಮಧ್ಯಮಸ್ತಿಷ್ಕದ ಕರಿಯ ಭಾಗದ ನಾಶವನ್ನು ತೋರಿಸಿದನು. ಲೂವಿಯ ಕಣಗಳು ಮೆದುಳಿನ ಹೊರಪದರದಲ್ಲಿ ಹರಡಿದಲ್ಲಿ ಮತಿಯೂ ಕೆಡುವುದೆಂಬುದು ನಿಶ್ಚಯವಾಗುವ ವೇಳೆಗೆ ಶತಮಾನವು ಮುಗಿಯುತ್ತ ಬಂದಿತ್ತು.

ಚಿಕಿತ್ಸೆಯ ಕಥೆಯನ್ನೂ ಇಲ್ಲಿ ಸೂಚಿಸಬೇಕು. ಬೇಲಿಗಳಲ್ಲಿಯೂ ಕುರುಚಲು ಕಾಡಿನಲ್ಲಿಯೂ ಹಬ್ಬುವ ನಸುಗುನ್ನಿ ಬಳ್ಳಿಗೆ ಸಂಸ್ಕೃತದಲ್ಲಿ ಕಪಿಕಚ್ಛುವೆಂದು ಹೆಸರು. ಕಾಯಿಯ ರೋಮವು ತಗುಲಿದರೆ ಕಪಿಗೂ ತುರಿಕೆ ತಪ್ಪದು. ಕಿಷ್ಕಿಂಧೆಯ ನೆರೆಹೊರೆಯಲ್ಲಿ ಈ ಹೆಸರನ್ನು ಕೇಳಿ ನಗು ಬಂದರೆ ಆಶ್ಚರ್ಯವಿಲ್ಲ. ವಾತಹರವೆಂದು ವೈದ್ಯರು ಬಳಸುತ್ತಿದ್ದ ಇದರ ಬೀಜದಿಂದ ೧೯೩೭ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು ಲೆವೊಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ೧೯೬೭ರಲ್ಲಿ ಕಾಟ್ಸಿಯಾಸನು ಅದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಕಂಪರೋಗಿಗಳನ್ನು ನಡೆದಾಡಿಸಿದನು. ಆದರೆ ಆ ಮದ್ದು ಮತಿಕ್ಷಯವನ್ನು ತಡೆಯದು. ಕೆಲವರಲ್ಲಿ ಇಲ್ಲದುದನ್ನು ಕಾಣುವ ಭ್ರಮೆಯನ್ನೂ ತರುವುದು. ಆದುದರಿಂದ ಮದ್ದು ಸಿಕ್ಕಿ ರೋಗಿಗಳ ಆಯುಸ್ಸು ಹೆಚ್ಚಿದ ಮೇಲೆ ಐದನೆಯ ಲಕ್ಷಣವು ಮೊದಲಿಗಿಂತ ಸ್ಪಷ್ಟವಾಗಿ ಕಣ್ಣಿಗೆ ಬಿದ್ದಿತು. ಸಿಡ್ನಿಯಲ್ಲಿ ಇಪ್ಪತ್ತು ವರ್ಷ ಬದುಕುಳಿದ ರೋಗಿಗಳನ್ನು ೨೦೦೮ರಲ್ಲಿ ಲೆಕ್ಕಹಾಕಿದಾಗ ನೂರಕ್ಕೆ ೮೩ ಮಂದಿ ಬುದ್ಧಿಭ್ರಂಶಕ್ಕೆ ಒಳಗಾಗಿದ್ದರು. ೨೦೨೪ರಲ್ಲಿ ಪ್ರಕಟವಾದ ಅಮೆರಿಕದ ಪರಿಶೀಲನೆಯು ಅಪಾಯವು ಅಷ್ಟು ಬೇಗ ಬಾರದೆಂದು ತೋರಿಸಿ ರೋಗಿಗಳಿಗೆ ತುಸು ಧೈರ್ಯವನ್ನಿತ್ತಿದೆ.

ಒಬ್ಬನಿಗೆ ಮತಿ ಬೇಗ ಕುಂದಿ ಮತ್ತೊಬ್ಬನಿಗೆ ಕೊನೆಯ ವರೆಗೂ ಉಳಿಯುವುದೇಕೆ? ಇದಕ್ಕೆ ಉತ್ತರವನ್ನು ವಂಶವಾಹಿಗಳಲ್ಲಿ ಹುಡುಕುವುದು ೧೯೯೭ರಿಂದ ನಡೆದಿದೆ. ಆ ವರ್ಷ ಇಟಲಿ ಮತ್ತು ಗ್ರೀಸಿನ ಮೂಲದ ಕುಟುಂಬಗಳಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷವು ತಿಳಿದುಬಂದಿತು. ಲೂವಿಯ ಕಣಗಳು ಮುಖ್ಯವಾಗಿ ಆ ಪ್ರೋಟೀನಿನಿಂದಲೇ ಆದುವೆಂದೂ ಅದೇ ವರ್ಷ ಗೊತ್ತಾಯಿತು. ೨೦೦೩ರಲ್ಲಿ ಅಮೆರಿಕದ ಒಂದು ಮನೆತನದಲ್ಲಿ ಈ ವಂಶವಾಹಿಯೇ ಮೂರು ಪ್ರತಿಗಳಾಗಿ ಹೆಚ್ಚಿದ್ದುದು ಕಂಡಿತು; ಇಂಥವರಲ್ಲಿ ರೋಗವೂ ಬುದ್ಧಿಭ್ರಂಶವೂ ಬೇಗ ಬರುವುವು. ಗೌಷರ್ ರೋಗಕ್ಕೆ ಕಾರಣವಾದ ಜಿಬಿಎ ಎಂಬ ವಂಶವಾಹಿಯ ದೋಷವು ಪಾರ್ಕಿನ್ಸನ್ ರೋಗಿಗಳಲ್ಲಿ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ೨೦೦೯ರಲ್ಲಿ ಹದಿನಾರು ಕೇಂದ್ರಗಳು ಕೂಡಿ ತೋರಿಸಿದುವು. ಅದನ್ನು ಹೊತ್ತವರಿಗೆ ಮತಿಕ್ಷಯದ ಭಯವೂ ಅಧಿಕ. ಅಪೊ-ಇ ಎಂಬುದರ ನಾಲ್ಕನೆಯ ಬಗೆಯೂ ಹಾಗೆಯೇ. ಇದಕ್ಕೆ ವ್ಯತಿರಿಕ್ತವಾಗಿ, ೧೯೯೮ರಲ್ಲಿ ಜಪಾನೀಯರು ಕಂಡುಹಿಡಿದ ಪಾರ್ಕಿನ್ ವಂಶವಾಹಿಯ ದೋಷದಲ್ಲಿ ನಡುಕವು ಎಳೆವಯಸ್ಸಿಗೇ ಬಂದರೂ ಬುದ್ಧಿಯು ಬಹುಕಾಲ ನಿಲ್ಲುವುದು. ಹೀಗಿರುವಲ್ಲಿ ಬಸವರಾಜನ ಶ್ಲೋಕವೂ ಪಾರ್ಕಿನ್ಸನ್ನನ ವಾಕ್ಯವೂ ಒಂದನ್ನೊಂದು ಸುಳ್ಳಾಗಿಸಬೇಕಾಗಿಲ್ಲ. ಒಂದು ಹೆಸರಿನ ಕೆಳಗೆ ಹಲವು ರೋಗಮಾರ್ಗಗಳಿರುವುವು.

ಪಾರ್ಕಿನ್ ದೋಷವು ತಾಯಿತಂದೆಗಳಿಬ್ಬರಿಂದಲೂ ಬಂದಾಗಲೇ ಫಲಿಸುವುದು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಕರ್ಣಾಟಕದಲ್ಲಿ ಈ ಮಾತು ಉಪೇಕ್ಷಣೀಯವಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ನವಜಾತ ಶಿಶುಗಳನ್ನು ಪರೀಕ್ಷಿಸಿದವರು, ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದೊಳಗೇ ನಡೆದುದೆಂದು ಕಂಡರು. ಕುಲದಲ್ಲಿ ಹರಿದುಬರುವ ವ್ಯಾಧಿಯ ಕಲ್ಪನೆಯು ಪ್ರಾಚೀನರಿಗೆ ಇತ್ತು. ಬೀಜದ ಯಾವ ಭಾಗವು ಕೆಡುವುದೋ ಅದರಿಂದ ಹುಟ್ಟುವ ಅವಯವವು ಕೆಡುವುದೆಂದು ಚರಕಸಂಹಿತೆ ಹೇಳಿದೆ. ಸುಶ್ರುತಸಂಹಿತೆಯು ಆದಿಬಲಪ್ರವೃತ್ತಗಳೆಂದು ಕುಷ್ಠ, ಅರ್ಶಸ್ಸುಗಳನ್ನು ಹೆಸರಿಸಿದೆ. ಆದರೆ ಕಂಪವನ್ನು ಅವರು ಆ ವರ್ಗಕ್ಕೆ ಸೇರಿಸಲಿಲ್ಲ. ರೋಗವು ಬಹುಮಂದಿಗೆ ಮುಪ್ಪಿನಲ್ಲಿ ಬರುವುದರಿಂದ ವಂಶದ ಸುಳಿವು ಮುಪ್ಪಿನಲ್ಲಿಯೇ ಮರೆಯಾಗಿದ್ದಿರಬೇಕು.

ಐರೋಪ್ಯರಲ್ಲಿ ಕಂಡ ಫಲವನ್ನು ಇಲ್ಲಿಗೆ ಹಾಗೆಯೇ ಇಳಿಸಿಕೊಳ್ಳಬಾರದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷ್ಯವಿದೆ. ೧೯೭೪ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಮುಥಾಣೆ, ಯಶಾ, ಶಂಕರ್ ಇವರು ೧೯೯೮ರಲ್ಲಿ ಪ್ರಕಟಿಸಿದ ಲೇಖನದಂತೆ, ಆರೋಗ್ಯವಂತರಾದ ಭಾರತೀಯರ ಮೆದುಳಿನ ಕರಿಯ ಭಾಗದಲ್ಲಿ ವರ್ಣಯುಕ್ತ ನರಕೋಶಗಳು ಬ್ರಿಟಿಷರಿಗಿಂತ ನೂರಕ್ಕೆ ಸುಮಾರು ೪೦ರಷ್ಟು ಕಡಿಮೆ. ಆದರೆ ವಯಸ್ಸು ಏರಿದಂತೆ ಅವು ನಶಿಸುವುದಿಲ್ಲ. ೨೦೦೩ರಲ್ಲಿ ಅದೇ ನಗರದಿಂದ ಬಂದ ಮತ್ತೊಂದು ಲೇಖನವು ಆಂಗ್ಲೋ-ಇಂಡಿಯನ್ನರಲ್ಲಿ ಈ ರೋಗವು ಇತರ ಭಾರತೀಯರಿಗಿಂತಲೂ ವಿರಳವೆಂದಿತು. ಕೇಂಬ್ರಿಜ್ಜಿನ ಪಂಡಿತರು ಟಾವು ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಮೊದಲ ಬಗೆಯನ್ನು ಇಬ್ಬರು ಹೆತ್ತವರಿಂದಲೂ ಪಡೆದವರಿಗೆ ಬುದ್ಧಿಭ್ರಂಶವು ಹೆಚ್ಚೆಂದು ಸಾರಿದರು. ಎರಡನೆಯ ಬಗೆಯು ಯೂರೋಪಿನಲ್ಲಿ ಸಾಮಾನ್ಯ. ನಮ್ಮಲ್ಲಿ ಬಹು ಕಡಿಮೆ. ಬಹುಮಂದಿಗೆ ಮೊದಲನೆಯದೇ ಇರುವ ಜನರಲ್ಲಿ ಅದು ರೋಗಿಯನ್ನು ರೋಗಿಯಿಂದ ಬೇರ್ಪಡಿಸುವ ಗುರುತಾಗುವುದೆಂತು? ಭಾರತದ ಹತ್ತು ಸಾವಿರ ರೋಗಿಗಳನ್ನೂ ಅಷ್ಟೇ ನಿರೋಗಿಗಳನ್ನೂ ಹೋಲಿಸುವ ಯೋಜನೆಯನ್ನು ೨೦೨೦ರಲ್ಲಿ ಇಲ್ಲಿಯ ನರವೈದ್ಯರು ಪ್ರಕಟಿಸಿರುವುದು ಈ ಕಾರಣದಿಂದಲೇ.

ಅಳತೆಯ ತೊಡಕೂ ಒಂದುಂಟು. ಕೇಂಬ್ರಿಜ್ಜಿನ ಪರೀಕ್ಷೆಯಲ್ಲಿ ಮುಂದಿನ ಬುದ್ಧಿಭ್ರಂಶವನ್ನು ಸೂಚಿಸಿದ ಎರಡು ಗುರುತುಗಳು ಇವು: ನಿಯತ ಕಾಲದಲ್ಲಿ ಪ್ರಾಣಿಗಳ ಹೆಸರುಗಳನ್ನು ಹೇಳಲು ತಡವರಿಸುವುದು, ಒಂದನ್ನೊಂದು ಛೇದಿಸುವ ಎರಡು ಪಂಚಕೋನಗಳನ್ನು ನೋಡಿ ಬರೆಯಲಾರದಿರುವುದು. ಕೈಯಲ್ಲಿ ಸೀಸದಕಡ್ಡಿಯನ್ನು ಹಿಡಿದರಿಯದ ಒಕ್ಕಲಿಗನು ಎರಡನೆಯದರಲ್ಲಿ ಸೋತರೆ ಅದು ಮತಿಕ್ಷಯವಲ್ಲ. ಆಡನ್‌ಬ್ರೂಕ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಏಳು ಭಾಷೆಗಳಿಗೆ ಅಳವಡಿಸಿದ ವರದಿ ೨೦೨೦ರಲ್ಲಿ ಹೊರಬಂದಿದೆ. ಆ ಪರೀಕ್ಷೆಯ ಇಂಗ್ಲಿಷ್ ಮೂಲದಲ್ಲಿ ಒಂದು ಅಕ್ಷರದಿಂದ ಮೊದಲಾಗುವ ಮಾತುಗಳನ್ನು ಹೇಳಿಸುವ ಭಾಗವಿದೆ. ಕಾಗುಣಿತದ ಕನ್ನಡದಲ್ಲಿ ‘ಪ’ಕಾರವೆಂದರೆ ಪಕ್ಷಿ ಮಾತ್ರವೋ, ಪಾತ್ರೆ, ಪಿಳ್ಳೆ, ಪುಸ್ತಕಗಳೂ ಸಲ್ಲುವುವೋ ಎಂಬುದನ್ನು ವೈದ್ಯನೊಬ್ಬನೇ ನಿರ್ಣಯಿಸಲಾರನು. ಹನುಮನಹಳ್ಳಿಯು ೧೯೫೬ರ ವರೆಗೆ ಹೈದರಾಬಾದಿಗೆ ಸೇರಿದ್ದ ಸೀಮೆ. ತೆಲುಗು, ಉರ್ದು ಮಾತುಗಳು ಅಲ್ಲಿಯ ಕನ್ನಡದಲ್ಲಿ ಬೆರೆತಿರುವುವು. ಅಂಥ ಹಳ್ಳಿಯ ಮುದುಕಿಯು ಮೈಸೂರಿನ ಪುಸ್ತಕದ ಪದವನ್ನು ಅರಿಯದೆ ಸುಮ್ಮನಾದರೆ, ಆ ಮೌನವನ್ನು ರೋಗದ ಲೆಕ್ಕಕ್ಕೆ ಬರೆಯಬಾರದು.