ಕಾಂಗ್ರೆಸ್ ಹುಲ್ಲಿಗೆ ಗಡಿ ಯಾವುದು?

ಬೆಳಗಾವಿಯಿಂದ ಖಾನಾಪುರದತ್ತ ಹೊರಟರೆ ರಸ್ತೆಬದಿಯಲ್ಲಿ, ಖಾಲಿ ನಿವೇಶನಗಳಲ್ಲಿ ಬಿಳಿ ಹೂವಿನ ಕಳೆಯೊಂದು ಕಾಣುತ್ತದೆ. ಅದೇ ಕಾಂಗ್ರೆಸ್ ಹುಲ್ಲು. ಎಲೆ ಗಜ್ಜರಿಯ ಸೊಪ್ಪಿನಂತಿರುವುದರಿಂದ ಮರಾಠಿಯಲ್ಲಿ 'ಗಾಜರ ಗವತ'. ಶಾಸ್ತ್ರೀಯ ಹೆಸರು ಪಾರ್ಥೇನಿಯಂ. ತವರು ಅಮೆರಿಕ ಖಂಡ.

1950ರ ದಶಕದ ನಡುವೆ ಇದು ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿಯೊಡನೆ ಬೀಜ ಬಂದಿತೆಂಬ ಮಾತು ಪ್ರಚಲಿತ. 1956ರಲ್ಲಿ ಬೆಳಗಾವಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಕಳೆಗೆ ಆ ಗಡಿ ಅಡ್ಡಿಯಾಗಲಿಲ್ಲ. ಒಂದೊಂದು ಗಿಡಕ್ಕೆ ಸಾವಿರಾರು ಬೀಜ. ಗಾಳಿ, ನೀರು, ವಾಹನದ ಚಕ್ರಗಳೇ ಅದಕ್ಕೆ ಸಾರಿಗೆ. ಮುಟ್ಟಿದರೆ ಕೆಲವರಿಗೆ ತುರಿಕೆ, ಪರಾಗದಿಂದ ಉಬ್ಬಸ.

1975ರಲ್ಲಿ ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಮೆಕ್ಸಿಕೊದಿಂದ ತರಿಸಿದ, ಇದರ ಎಲೆ ತಿನ್ನುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆ ಮೇಯುವ ಈ ಹುಳು ಒಣದಿನಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಹುಳುವೊಂದನ್ನೇ ನಂಬಿ ಕೂರುವಂತಿಲ್ಲ.

ತೊಡಕು ಇರುವುದು ಹೊಣೆಯ ಹಂಚಿಕೆಯಲ್ಲಿ. ಹೊಲ ರೈತನದು, ಹಳಿ ರೈಲ್ವೆಯದು, ಹೆದ್ದಾರಿ ಇನ್ನೊಂದು ಇಲಾಖೆಯದು, ಊರ ಬಯಲು ಪಾಲಿಕೆಯದು, ಕಾಡಂಚು ಅರಣ್ಯ ಇಲಾಖೆಯದು. ಒಬ್ಬರು ಕಿತ್ತು ಪಕ್ಕದವರು ಬಿಟ್ಟರೆ ಮುಂದಿನ ಮಳೆಗೆ ಬೀಜ ಮರಳಿ ಬರುತ್ತದೆ.

ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಆಮದು, ಹರಡುವಿಕೆಗಳನ್ನು ತಡೆಯುವ ಅಧಿಕಾರವನ್ನು 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಕೇಂದ್ರಕ್ಕೆ ಕೊಟ್ಟಿದೆ. ಭೀಮಗಡ ಅಭಯಾರಣ್ಯವಿರುವ ಖಾನಾಪುರಕ್ಕೆ ಇದು ದೂರದ ಸಂಗತಿಯಲ್ಲ. ಆದರೆ ಬಂದರಿನ ತಡೆ ಹೊಸ ಕಳೆಗೆ ಮಾತ್ರ. ಒಳಗೆ ಬೇರೂರಿದ್ದನ್ನು ಹೂ ಬಿಡುವ ಮುನ್ನವೇ, ಎಲ್ಲರೂ ಒಟ್ಟಿಗೆ ಕೀಳಬೇಕು.