ಆಕಾಶಕಾಯಗಳ ದೂರ: ಕರ್ನಾಟಕದಲ್ಲಿ ಅಳತೆಯ ಇತಿಹಾಸ

ಚಂದ್ರ, ಸೂರ್ಯ, ಗ್ರಹ, ನಕ್ಷತ್ರಗಳಲ್ಲಿ ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಕಣ್ಣು ಹೇಳಲಾರದು. ಒಂದೇ ಕಾಯವನ್ನು ಎರಡು ನೆಲೆಗಳಿಂದ ನೋಡಿ, ಅದು ಹಿನ್ನೆಲೆಯ ಮೇಲೆ ಎಷ್ಟು ಸರಿದಂತೆ ಕಾಣುತ್ತದೆಂದು ಅಳೆದರೆ ಮಾತ್ರ ದೂರ ಸಿಕ್ಕೀತು. ಸಿದ್ಧಾಂತ ಗ್ರಂಥಗಳು ಇದನ್ನು ಲಂಬನ ಎನ್ನುತ್ತವೆ. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿ ಒಬ್ಬರು, ಸುಮಾರು 1,460 ಕಿ.ಮೀ. ಆಚೆ ದೆಹಲಿಯಲ್ಲಿ ಇನ್ನೊಬ್ಬರು ಒಂದೇ ಗಳಿಗೆಗೆ ಚಂದ್ರನನ್ನು ನೋಡಿದರೆ ಅದರ ಸ್ಥಾನದಲ್ಲಿ ಹೆಚ್ಚೆಂದರೆ 13 ಕಲೆಗಳ ವ್ಯತ್ಯಾಸ ಬರುತ್ತದೆ. ಅಂಶದ 60ನೇ ಒಂದು ಭಾಗಕ್ಕೆ ಕಲೆ ಎಂದು ಹೆಸರು, ಪೂರ್ಣಚಂದ್ರನ ಬಿಂಬವೇ ಸುಮಾರು 31 ಕಲೆ. ಅದೇ ಇಬ್ಬರಿಗೆ ಸೂರ್ಯನಲ್ಲಿ ಸಿಗುವ ವ್ಯತ್ಯಾಸ 2 ವಿಕಲೆ, ಅಂದರೆ ಒಂದು ಕಲೆಯ ಮೂವತ್ತನೇ ಒಂದು ಪಾಲು. ಬರಿಗಣ್ಣು ಒಂದು ಕಲೆಗಿಂತ ಸಣ್ಣದನ್ನು ಬಿಡಿಸಿ ನೋಡುವುದೇ ಕಷ್ಟ. ಪ್ರಾಚೀನರ ಅಂಕಿಗಳಲ್ಲಿ ಕೆಲವು ಸರಿಯಾಗಿ, ಕೆಲವು ವಿಪರೀತ ತಪ್ಪಾಗಿ ಇರುವುದಕ್ಕೆ ಮೊದಲ ಕಾರಣ ಇದು. ತಪ್ಪಾದವು ಶತಮಾನಗಟ್ಟಲೆ ಹಾಗೆಯೇ ಉಳಿದದ್ದಕ್ಕೆ ಕಾರಣ ಬೇರೆ: ಅವು ತಪ್ಪಾದರೂ ಯಾರ ಕೆಲಸವೂ ಕೆಡುತ್ತಿರಲಿಲ್ಲ.

ಕನ್ನಡನಾಡಿನಲ್ಲಿ ಎರಡು ಬಗೆಯ ಅಂಕಿಗಳು ಅಕ್ಕಪಕ್ಕದಲ್ಲೇ ಬಾಳಿದವು. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ‘ತ್ರಿಲೋಕಸಾರ’ದಲ್ಲಿ ಸೂರ್ಯ ನೆಲದಿಂದ 800 ಯೋಜನ, ಚಂದ್ರ 880 ಯೋಜನ, ಶನಿ 900 ಯೋಜನ ಎತ್ತರದಲ್ಲಿವೆ. ಸೂರ್ಯನಿಗಿಂತ ಮೇಲಿರುವ ಚಂದ್ರ ಸೂರ್ಯನನ್ನು ಮುಚ್ಚಲಾರದು. ಹಾಗಾಗಿ ಗ್ರಹಣಕ್ಕೆ ಅಲ್ಲಿ ರಾಹು ಕೇತುಗಳ ವಿಮಾನಗಳೇ ಬೇಕು. ಇದು ಲೋಕವರ್ಣನೆ, ಅಳತೆಯಲ್ಲ. ಭಾಸ್ಕರಾಚಾರ್ಯರ ದಾರಿ ಬೇರೆ. ಅವರ ಊರಾದ ವಿಜ್ಜಡವಿಡ ಇಂದಿನ ವಿಜಯಪುರವೋ, ಮಹಾರಾಷ್ಟ್ರದ ಪಾಟಣದ ಸುತ್ತಲಿನದೋ ಎಂಬ ವಾದ ಮುಗಿದಿಲ್ಲ. ಇಲ್ಲಿ ಅದು ಮುಖ್ಯವೂ ಅಲ್ಲ. ಅವರ 1150ರ ‘ಸಿದ್ಧಾಂತಶಿರೋಮಣಿ’ ಭೂಮಿಯ ಪರಿಧಿಯನ್ನು 4,967 ಯೋಜನ, ವ್ಯಾಸವನ್ನು 1,581 ಯೋಜನ ಎಂದು ಹಿಡಿದು, ಚಂದ್ರನ ದೂರ 51,566 ಯೋಜನ, ಸೂರ್ಯನ ದೂರ 6,89,377 ಯೋಜನ ಎನ್ನುತ್ತದೆ. ಯೋಜನದ ಉದ್ದ ಎಷ್ಟೆಂಬ ಜಗಳಕ್ಕೆ ಇಳಿಯದೆ ಭೂಮಿಯ ತ್ರಿಜ್ಯದಿಂದಲೇ ಭಾಗಿಸಿ ನೋಡಬಹುದು. ಚಂದ್ರ ಸುಮಾರು 65 ಭೂತ್ರಿಜ್ಯಗಳಷ್ಟು ದೂರ. ಇಂದಿನ ಅಳತೆ 60. ಸೂರ್ಯ 872 ಭೂತ್ರಿಜ್ಯ. ಇಂದಿನ ಅಳತೆ ಸುಮಾರು 23,480. ಒಂದು ಹೆಚ್ಚುಕಡಿಮೆ ಗುರಿ ಮುಟ್ಟಿತು, ಇನ್ನೊಂದು 27 ಪಟ್ಟು ಹಿಂದುಳಿಯಿತು. ಎರಡು ನೆಲೆಗಳ ಅಂತರವನ್ನು ಭೂತ್ರಿಜ್ಯದಷ್ಟೇ ಹಿಡಿದರೆ ಚಂದ್ರನ ಲಂಬನ ಒಂದು ಅಂಶದ ಹತ್ತಿರಕ್ಕೆ ಬರುವುದರಿಂದ ಅದನ್ನು ಗ್ರಹಣಗಳಲ್ಲಿ ಕಾಣಬಹುದಿತ್ತು. ಸೂರ್ಯನಿಗೆ ಅಂಥ ಆಧಾರವಿರಲಿಲ್ಲವಾದ್ದರಿಂದ, ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನಗಳನ್ನು ಕ್ರಮಿಸುತ್ತವೆ ಎಂಬ ತತ್ವವೇ ಗತಿಯಾಯಿತು. ಸೂರ್ಯ ಒಂದು ಸುತ್ತಿಗೆ ಚಂದ್ರನ 13.37 ಪಟ್ಟು ಕಾಲ ತೆಗೆದುಕೊಳ್ಳುತ್ತಾನೆ, ಆದ್ದರಿಂದ ಅಷ್ಟೇ ಪಟ್ಟು ದೂರ! ನಕ್ಷತ್ರಕಕ್ಷೆಯನ್ನಂತೂ ‘ಸೂರ್ಯಸಿದ್ಧಾಂತ’ ಸೂರ್ಯಕಕ್ಷೆಯ 60 ಪಟ್ಟು ಎಂದು ಸುಮ್ಮನೆ ನಿಗದಿ ಮಾಡಿಬಿಟ್ಟಿತು.

ನಮ್ಮ ಹಿರಿಯರಿಗೆ ಸೂರ್ಯನ ದೂರ ಚೆನ್ನಾಗಿಯೇ ಗೊತ್ತಿತ್ತು, 108 ಎಂಬ ಪವಿತ್ರ ಸಂಖ್ಯೆಯೇ ಅದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಸೂರ್ಯನ ದೂರ ಅದರ ವ್ಯಾಸದ ಸುಮಾರು 108 ಪಟ್ಟು ಎಂಬುದು ನಿಜ. ಆದರೆ ಅದು ಬಿಂಬ ಅರ್ಧ ಅಂಶ ಅಗಲ ಕಾಣುತ್ತದೆ ಎಂಬುದನ್ನೇ ಇನ್ನೊಂದು ರೀತಿ ಹೇಳಿದಂತೆ, ಅಷ್ಟೇ. ಭಾಸ್ಕರಾಚಾರ್ಯರು ಸೂರ್ಯನಿಗೆ ಕೊಟ್ಟ ವ್ಯಾಸ 6,522 ಯೋಜನ. ಅವರ ದೂರವನ್ನು ಇದರಿಂದ ಭಾಗಿಸಿದರೂ 106ರ ಹತ್ತಿರವೇ ಬರುತ್ತದೆ. ದೂರ 27 ಪಟ್ಟು ತಪ್ಪಾದರೂ ಅನುಪಾತ ಸರಿಯಾಗಿಯೇ ಉಳಿಯುತ್ತದೆ ಎಂದ ಮೇಲೆ ಅದು ದೂರಕ್ಕೆ ಸಾಕ್ಷಿಯಾಗದು. ಪ್ರಾಚೀನರ ಅಂಕಿಗಳೆಲ್ಲ ಬರೀ ಕಟ್ಟುಕಥೆ ಎಂದು ತಳ್ಳಿಹಾಕುವ ಎದುರು ಗುಂಪಿಗೂ ಆಧಾರವಿಲ್ಲ. ಅಲೆಕ್ಸಾಂಡ್ರಿಯದ ಟಾಲೆಮಿ ಸೂರ್ಯನನ್ನು 1,210 ಭೂತ್ರಿಜ್ಯಗಳ ದೂರದಲ್ಲಿಟ್ಟಿದ್ದ, ಯುರೋಪು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅದೇ ಆಸುಪಾಸಿನ ಅಂಕಿಯನ್ನು ನಂಬಿಕೊಂಡಿತ್ತು. ಪಂಚಾಂಗಕ್ಕೆ ಬೇಕಾದದ್ದು ಕೋನಗಳು ಮಾತ್ರ: ತಿಥಿ, ನಕ್ಷತ್ರ, ಗ್ರಹಣದ ಸ್ಪರ್ಶ, ಮೋಕ್ಷ. ಸೂರ್ಯಗ್ರಹಣದ ಲೆಕ್ಕಕ್ಕೆ ಚಂದ್ರ ಮತ್ತು ಸೂರ್ಯರ ಲಂಬನಗಳ ವ್ಯತ್ಯಾಸ ಸಾಕು, ಅದರಲ್ಲಿ ಚಂದ್ರನದೇ ಸಿಂಹಪಾಲು. ಸೂರ್ಯನಿಗೆ ಸುಮಾರು 4 ಕಲೆ ಇಟ್ಟರೇನು, ನಿಜವಾದ 8.8 ವಿಕಲೆ ಇಟ್ಟರೇನು, ಜೋಯಿಸರಿಗೆ ಗ್ರಹಣ ತಪ್ಪುತ್ತಿರಲಿಲ್ಲ.

ಕೆಲಸ ಬದಲಾದಾಗ ಅಂಕಿಯೂ ಬದಲಾಯಿತು. 1672ರಲ್ಲಿ ಪ್ಯಾರಿಸ್ ಮತ್ತು ದಕ್ಷಿಣ ಅಮೆರಿಕದ ಕಾಯೆನ್‌ಗಳಿಂದ ದೂರದರ್ಶಕದಲ್ಲಿ ಮಂಗಳನನ್ನು ನೋಡಿ ತೆಗೆದ ಅಳತೆಗಳಿಂದ ಕ್ಯಾಸಿನಿ ಸೂರ್ಯನ ದೂರವನ್ನು ಒಮ್ಮೆಗೇ ಹಿಗ್ಗಿಸಿದ. ಇಂಥ ಲೆಕ್ಕಗಳೆಲ್ಲ ಮೊದಲು ಭೂತ್ರಿಜ್ಯದಲ್ಲೇ ಬರುತ್ತವೆ. ಅವನ್ನು ಮೈಲಿ, ಕಿಲೋಮೀಟರಿಗೆ ಇಳಿಸಲು ನೆಲದ ಮೇಲೆ ಸರಪಳಿ ಹಿಡಿಯಲೇಬೇಕು. ಆ ನೆಲದ ಕೆಲಸದ ಒಂದು ದೊಡ್ಡ ಅಧ್ಯಾಯ ಕರ್ನಾಟಕದಲ್ಲೇ ಶುರುವಾಯಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ; ಮುಂದೆ ಇದೇ ಸರ್ವೆ ಬೆಳೆದು ಭೂಮಿಯ ಆಕಾರ, ಗಾತ್ರ ಹೇಳುವ 1830ರ ಎವರೆಸ್ಟ್ ಮಾನಕ್ಕೆ ಅಡಿಪಾಯವಾಯಿತು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯಬಿಂಬವನ್ನು ದಾಟಿದಾಗ, ಬೇರೆ ಬೇರೆ ನೆಲೆಗಳಿಂದ ಆ ದಾಟನ್ನು ಗುರುತಿಸಿ ಸೂರ್ಯನ ದೂರ ತೆಗೆಯುವುದು ಉದ್ದೇಶವಾಗಿತ್ತು. ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಇದನ್ನು ಜನರಿಗೆ ತಿಳಿಸಲು ಬರೆದ ಪುಸ್ತಿಕೆ ಕನ್ನಡದಲ್ಲೂ ಹೊರಬಂತು. ಕಣ್ಣಿಗೆ ಕಂಡದ್ದಕ್ಕೆ ಸರಿಹೊಂದುವ ದೃಗ್ಗಣಿತ ಪಂಚಾಂಗಕ್ಕಾಗಿ ವಾದಿಸುತ್ತಿದ್ದವರೂ ಅವರೇ.

ನಕ್ಷತ್ರಗಳಿಗೆ ಭೂಮಿಯೇ ಸಾಲದಾಯಿತು. ಭೂಕಕ್ಷೆಯ ಎರಡು ತುದಿಗಳೇ ನೆಲೆಗಳಾದವು. ಹಾಗೆ 1838ರಲ್ಲಿ ಬೆಸೆಲ್ ‘61 ಸಿಗ್ನಿ’ಯ ಲಂಬನವನ್ನು ಅಳೆದ. ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೂರ್ಯನಿಗಿಂತ ಸುಮಾರು 2,68,000 ಪಟ್ಟು ದೂರವೆಂದು ಈಗ ಗೊತ್ತಿದೆ; ಹಳೆಯ 60 ಪಟ್ಟನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಲಂಬನವೂ ಸೋಲುವ ಕಡೆ ನಕ್ಷತ್ರದ ನಿಜವಾದ ಪ್ರಭೆಯನ್ನು ಊಹಿಸಬೇಕಾಗುತ್ತದೆ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು, ಓಲಿನ್ ವಿಲ್ಸನ್ ಜತೆ 1957ರಲ್ಲಿ ಪ್ರಕಟಿಸಿದ ಸಂಬಂಧ ಅಂಥದ್ದು: ರೋಹಿತದಲ್ಲಿನ ಕ್ಯಾಲ್ಸಿಯಂ ರೇಖೆಯ ಅಗಲದಿಂದ ಪ್ರಭೆ, ಪ್ರಭೆಯಿಂದ ದೂರ. ಸೌರವ್ಯೂಹದೊಳಗಿನ ಅಳತೆಯಾದರೋ ಕೋನವನ್ನೇ ಬಿಟ್ಟು ಕಾಲಕ್ಕೆ ಬಂದು ನಿಂತಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ, ಬೆಂಗಳೂರಿನ ಬಳಿಯ ಬ್ಯಾಲಾಳುವಿನ 32 ಮೀಟರ್ ಆಂಟೆನಾಕ್ಕೂ ಅದಕ್ಕೂ ನಡುವೆ ರೇಡಿಯೊ ಸಂಕೇತಕ್ಕೆ ಹನ್ನೆರಡೂವರೆ ನಿಮಿಷದ ದಾರಿಯಿತ್ತು, ಅಂದರೆ ಸುಮಾರು 22.4 ಕೋಟಿ ಕಿ.ಮೀ. ಇಲ್ಲಿ ದೂರದ ಅಂಕಿ ತಪ್ಪಿದ್ದರೆ ನೌಕೆ ಗ್ರಹವನ್ನೇ ಮುಟ್ಟುತ್ತಿರಲಿಲ್ಲ.