ಬಡಕಲು ಕುದುರೆಯ ಕಾಲು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ವೀರಗಲ್ಲುಗಳನ್ನು ವಾಚಕರು ನೋಡಿಯೇ ಇರುವರು. ಅವುಗಳಲ್ಲಿಯ ಕುದುರೆಗಳು ದುಂಡುಮೈಯವು, ಕಾಲೆತ್ತಿ ಕುಣಿಯುವಂಥವು. ಬಡಕಲು ಕುದುರೆಯನ್ನು ಕಡೆಯುವ ಮನಸ್ಸು ಯಾವ ಶಿಲ್ಪಿಗೆ ಬಂದೀತು? ಆದರೆ 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆಯಿಟ್ಟಾಗ, ಕದಂಬ ಕಾಮದೇವನ ಸೇನಾನಿ ಸೋಹಣಿಯು ಅವನನ್ನು ಎದುರಿಸಿ ಮಡಿದಾಗ, ರಾವುತರ ಕೆಳಗಿನ ಕುದುರೆಗಳೆಲ್ಲ ಹೀಗೆಯೇ ಇದ್ದವೆಂದು ನಂಬುವದು ಕಠಿಣ.

ಒಳ್ಳೆಯ ಕುದುರೆಯು ನಮ್ಮಲ್ಲಿಗೆ ಹೊರಗಿನಿಂದಲೇ ಬರಬೇಕಾಗಿದ್ದಿತು. ಅರಬಸ್ತಾನ, ಹೊರ್ಮುಜ್‌ಗಳಿಂದ ಹಡಗೇರಿ, ಹೊನ್ನಾವರ ಭಟಕಳಗಳಲ್ಲಿ ಇಳಿದು ಘಟ್ಟ ಹತ್ತಬೇಕು. ಹೊನ್ನಾವರದಿಂದ ವಿಜಯನಗರಕ್ಕೆ ಹೋಗುವ ದಾರಿಯು ಶಿಗ್ಗಾವಿ ತಾಲೂಕಿನ ಬಂಕಾಪುರದ ಮೇಲೆಯೇ ಸಾಗಿದ್ದಿತು. ಪೋರ್ತುಗೀಜ ನೂನಿಜನು ಬರೆದಂತೆ, ಸಾಳುವ ನರಸಿಂಹನು ಮೂರು ಕುದುರೆಗಳಿಗೆ ಸಾವಿರ ಪರ್ದಾವು ಕೊಡುತ್ತಿದ್ದನು. ಕಡಲಲ್ಲಿ ಸತ್ತುದರ ಬಾಲವನ್ನು ತಂದೊಪ್ಪಿಸಿದರೂ ಹಣ ಸಲ್ಲುತ್ತಿದ್ದಿತು! ಪಯಣವು ಎಂಥದೆಂಬದಕ್ಕೆ ಬೇರೆ ಸಾಕ್ಷಿ ಬೇಡ. ಬದುಕಿ ಬಂದವುಗಳಲ್ಲಿಯೂ ಎಷ್ಟೋ ಪಕ್ಕೆಲುಬು ಎಣಿಸಬರುವಂಥವೇ ಆಗಿರಬೇಕು.

ಇಂಥದನ್ನು ಕೊಳ್ಳುವವನು ಏನನ್ನು ನೋಡಬೇಕು? ಹಾನಗಲ್ಲ ಕದಂಬರ ಮೇಲೊಡೆಯನಾದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರ ಉಂಟು; ಸುಮಾರು 1400ರ ಅಭಿನವಚಂದ್ರನದು ಕನ್ನಡ ಅಶ್ವವೈದ್ಯ. ನಮ್ಮ ಅಶ್ವಶಾಸ್ತ್ರಗಳು ಸುಳಿಗಳಿಗೆ ಬಹಳ ಸ್ಥಳ ಕೊಟ್ಟಿವೆ. ಸುಳಿಯು ಸವಾರನನ್ನು ಹೊರುವದಿಲ್ಲ, ಹೊರುವದು ಕಾಲು. ಮಾಂಸವು ಮೇವಿನಿಂದ ಮರಳಿ ಬರುವದು, ಎಲುಬಿನ ಜೋಡಣೆಯು ಬಾರದು.

ಬಡತನವು ಇಲ್ಲಿ ಒಂದು ಉಪಕಾರವನ್ನೂ ಮಾಡುವದು: ಕೊಬ್ಬಿಲ್ಲದುದರಿಂದ ಮೈಕಟ್ಟು ಬಯಲಾಗುವದು. ಸಮನೆಲದಲ್ಲಿ ನಿಲ್ಲಿಸಿ ಮುಂದಿನಿಂದ ನೋಡಿದರೆ, ಹೆಗಲಿನ ತುದಿಯಿಂದ ಇಳಿಬಿಟ್ಟ ದಾರವು ಮೊಣಕಾಲನ್ನೂ ಗೊರಸನ್ನೂ ನಟ್ಟನಡುವೆ ಸೀಳಬೇಕು. ಪಕ್ಕದಿಂದ ಕಂಡಾಗ ಮೊಣಕಾಲು ಹಿಂದಕ್ಕೆ ಬಾಗಿದ್ದರೆ ಮುಂದಕ್ಕೆ ಬಾಗಿದುದಕ್ಕಿಂತ ಕೆಡುಕು. ಓಟದಲ್ಲಿ ಕೀಲೆಲುಬುಗಳು ಜಜ್ಜಿಹೋಗುವವು. ಗೊರಸಿನ ಅಡ್ಡಗೆರೆಗಳನ್ನೂ ಓದಬೇಕು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವದರಿಂದ ಹಿಂದಿನ ತಿಂಗಳುಗಳ ಹಸಿವು, ಜ್ವರ ಅಲ್ಲಿ ಬರೆದಿರುವವು. ಕಾಲ ಹಿಂಬದಿಯ ನರಗಳನ್ನು ಅಂಗೈಯಿಂದ ಸವರಿ ಬಿಸಿ, ಬಾವುಗಳನ್ನು ಅರಸಬೇಕು. ಗಟ್ಟಿ ನೆಲದ ಮೇಲೆ ದುಡುಕಿ ಓಡಿಸಿದಾಗ, ಮುಂಗಾಲು ನೋಯುತ್ತಿದ್ದರೆ ಆ ಕಾಲೂರುವಾಗ ತಲೆಯು ಮೇಲೇಳುವದು.

ಆದರೆ ಅವಸರದ ತೀರ್ಪು ಸಲ್ಲದು. ಎದೆಯ ಮಾಂಸ ಕರಗಿದ್ದರೆ ಮುಂಗಾಲುಗಳು ಒತ್ತಾಗಿ ಕಾಣುವವು. ತೊಡೆ ಸೊರಗಿದ್ದರೆ ನಡಿಗೆಯು ತೂರಾಡುವದು. ಇವು ಹುಟ್ಟಿನ ದೋಷಗಳೋ ಹಸಿವಿನವೋ ಎಂಬದನ್ನು ಕೆಲವು ತಿಂಗಳ ಮೇವೇ ಹೇಳಬೇಕು. ಹುಲ್ಲಿನಿಂದ ತೊಡಗದೆ ಒಮ್ಮೆಲೆ ಧಾನ್ಯ ಸುರಿದರೆ ಗೊರಸಿನೊಳಗೆ ಬಾವೆದ್ದು ಒಳ್ಳೆಯ ಕಾಲೂ ಕೆಡುವದು. ಮಾರ್ಕೊ ಪೋಲೋ ತಮಿಳು ಕರಾವಳಿಯನ್ನು ಕುರಿತು, ಅಲ್ಲಿ ಜಾತಿಯ ಕುದುರೆಗೂ ಸೊಟ್ಟಗಾಲಿನ ಮರಿಯೇ ಹುಟ್ಟುವದೆಂದನು. ಅನ್ನ ಮಾಂಸಗಳನ್ನು ಬೇಯಿಸಿ ತಿನ್ನಿಸುತ್ತಿದ್ದರೆಂದೂ ಅವನೇ ಬರೆದಿರುವನು. ತಪ್ಪು ನೆಲದ್ದೋ ಗೋದಲಿಯದೋ?

1779ರಲ್ಲಿ ಹೈದರನು ಸವಣೂರಿನ ನವಾಬ ಅಬ್ದುಲ್ ಹಕೀಮಖಾನನೊಡನೆ ಬೀಗತನ ಬೆಳೆಸಿದಾಗ, ನವಾಬನು 2000 ಪಠಾಣ ಸವಾರರನ್ನು ಒದಗಿಸಬೇಕೆಂದು ಗೊತ್ತಾಯಿತು. ಕರಾರಿನಲ್ಲಿ ನಿಂತುದು ಸಂಖ್ಯೆ. ಅವುಗಳಲ್ಲಿ ಎಷ್ಟರ ಕಾಲು ನೆಟ್ಟಗಿದ್ದವೆಂಬದನ್ನು ಬೆಳಗ್ಗೆ ಕುದುರೆಗಳನ್ನು ಹೊರಗೆ ನಡೆಸುವ ಲಾಯದವರು ಬಲ್ಲರು.